ಹಳೆಯ ಟ್ರ್ಯಾಕ್ಟರಿಗೆ ಆಲ್ಟರ್ನೇಟರ್: ಹೈನುಗಾರರು ತಿಳಿದಿರಬೇಕಾದ ಸಂಗತಿಗಳು

(ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರಿಗಾಗಿ ಧಾರವಾಡದಲ್ಲಿ ಏರ್ಪಡಿಸಿದ್ದ ತಿಳಿವಳಿಕೆ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ಇಂದಿನ ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಗರ್ಭ ಕಟ್ಟದ ರಾಸುಗಳ ನಿರ್ವಹಣೆ' ಎಂದು ಅಚ್ಚಾಗಿದೆ. ಆ ವಿಷಯವನ್ನು ಊಟದ ನಂತರ ತೆಗೆದುಕೊಳ್ಳುತ್ತೇನೆ. ಅದಕ್ಕಿಂತ ಮೊದಲು ಒಂದು ತಾಸು ನಿಮ್ಮ ಟ್ರ್ಯಾಕ್ಟರಿನ ಬಗ್ಗೆ, ಅದರಲ್ಲೂ ಹಳೆಯ ಟ್ರ್ಯಾಕ್ಟರಿನ ಲೈಟು, ಬ್ಯಾಟರಿ, ಡೈನಮೋಗಳ ಬಗ್ಗೆ ಮಾತನಾಡಲು ಅಧ್ಯಕ್ಷರ ಅಪ್ಪಣೆ ಪಡೆದಿದ್ದೇನೆ. ಇದನ್ನು ಕೇಳಿ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು, "ದನದ ಡಾಕ್ಟರು ಟ್ರ್ಯಾಕ್ಟರ್ ರಿಪೇರಿ ಯಾವಾಗ ಕಲತ್ರಿ?" ಎಂದು ನಕ್ಕರು. ಪ್ರಶ್ನೆ ನ್ಯಾಯವಾದದ್ದೇ. ಮೊದಲು ಅದಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ನನ್ನ ಸೋದರಮಾವ ಹುಬ್ಬಳ್ಳಿಯಲ್ಲಿ ವಾಹನಗಳ ವಾಯರಿಂಗ್ ಕೆಲಸ ಮಾಡುತ್ತಿದ್ದರು. ಶಾಲೆಯ ಬೇಸಿಗೆ ರಜೆಯಲ್ಲಿ ನಾನು ಅವರ ಅಂಗಡಿಯಲ್ಲಿ ಕುಳಿತು ಡೈನಮೋದ ಕಾರ್ಬನ್ ಬ್ರಶ್ ಬದಲಿಸುವುದು, ಕಟ್‌ಔಟ್ ಪಾಯಿಂಟು ಉಜ್ಜುವುದು ಇತ್ಯಾದಿ ಕೆಲಸ ಕಲಿತೆ. ಮುಂದೆ ಪಶುವೈದ್ಯ ಪದವಿಗೆ ಸೇರಿದ ಮೇಲೆ ಅದನ್ನೆಲ್ಲ ಮರೆತಿದ್ದೆ. ಮತ್ತೆ ನೆನಪಾದದ್ದು 2011ರ ಡಿಸೆಂಬರಿನಲ್ಲಿ.

ಅಂದು ಬೆಳಗಿನ ನಾಲ್ಕು ಗಂಟೆಗೆ ಕಲಘಟಗಿ ಕಡೆಯ ಹಳ್ಳಿಯೊಂದರಿಂದ ಫೋನು ಬಂತು. ತುಂಬು ಗರ್ಭದ ಎಮ್ಮೆ, ರಾತ್ರಿಯಿಡೀ ಬ್ಯಾನಿ ತಿಂದರೂ ಕರು ಬಂದಿರಲಿಲ್ಲ. ಗರ್ಭಕೋಶ ತಿರುಚಿಕೊಂಡಿರಬೇಕೆಂದು ಊಹಿಸಿದೆ. ಎಮ್ಮೆಗಳಲ್ಲಿ ಹೆರಿಗೆ ಕಷ್ಟವಾಗಲು ಇದೇ ದೊಡ್ಡ ಕಾರಣ. ಎಮ್ಮೆಯನ್ನು ಮಲಗಿಸಿ ಸರಿಯಾದ ದಿಕ್ಕಿಗೆ ಹೊರಳಿಸಿದರೆ ತಿರುಚು ಬಿಚ್ಚುತ್ತದೆ, ಆದರೆ ತಡವಾದಷ್ಟೂ ಕರುವಿನ ಆಸೆ ಕಡಿಮೆ. ಬೈಕು ಏರಿ ಹೊರಟೆ. ಮಂಜು ದಟ್ಟವಾಗಿತ್ತು. ಒಂದು ತಿರುವಿನಲ್ಲಿ ನನ್ನ ಮುಂದೆ ಇದ್ದಕ್ಕಿದ್ದಂತೆ ಟ್ರೇಲರಿನ ಹಿಂಬದಿ ಕಂಡಿತು. ದೀಪವೂ ಇಲ್ಲ, ಕೆಂಪು ರಿಫ್ಲೆಕ್ಟರೂ ಇಲ್ಲ. ಹಾಲಿನ ಕ್ಯಾನು ಹೇರಿಕೊಂಡು ಸಂಘಕ್ಕೆ ಹೊರಟ ಟ್ರ್ಯಾಕ್ಟರ್ ಅದು. ಬ್ರೇಕು ಒತ್ತಿದೆ, ಬೈಕು ಜಾರಿತು, ಬಲಗೈ ಟ್ರೇಲರಿನ ಹಲಗೆಗೆ ಬಡಿಯಿತು. ಮಣಿಕಟ್ಟಿನ ಎಲುಬು ಎರಡು ಕಡೆ ಮುರಿದಿತ್ತು.

ಆ ಟ್ರ್ಯಾಕ್ಟರಿನ ಮಾಲೀಕರೂ ನಮ್ಮ ಸದಸ್ಯರೇ, ಬಹಳ ಒಳ್ಳೆಯ ಮನುಷ್ಯರು. ನನ್ನನ್ನು ಅದೇ ಟ್ರೇಲರಿನಲ್ಲಿ ಕೂಡ್ರಿಸಿಕೊಂಡು ಡಾಂಬರು ರಸ್ತೆಯವರೆಗೆ ತಂದರು. ಹಿಂದೆ ಅವರ ಮಗ ಕೈಯಲ್ಲಿ ಬ್ಯಾಟರಿ ಹಿಡಿದು, ಬರುವ ವಾಹನಗಳಿಗೆ ಅಲ್ಲಾಡಿಸುತ್ತ ನಿಂತಿದ್ದ. ದಾರಿಯಲ್ಲಿ ಅವರು ಹೇಳಿದ್ದು ಇಷ್ಟು: "ಡೈನಮೋ ಹೋಗಿ ವರ್ಷ ಆತ್ರಿ ಸಾಹೇಬ್ರ. ಇಳಿಜಾರಿಗೆ ನಿಲ್ಲಿಸಿದ್ರ ಗಾಡಿ ಚಾಲೂ ಆಕ್ಕೈತಿ. ಮತ್ತ ಯಾಕ ರೊಕ್ಕ ಹಾಕೂದು ಅಂತ ಬಿಟ್ಟಿದ್ನಿರಿ."

ಎಮ್ಮೆಯ ಮನೆಗೆ ಬೇರೆ ವೈದ್ಯರು ತಲುಪಿದಾಗ ಹತ್ತು ಗಂಟೆಯಾಗಿತ್ತು. ಎಮ್ಮೆ ಉಳಿಯಿತು, ಕರು ಸತ್ತಿತ್ತು. ಹೆಣ್ಣುಗರು. ಅದು ಶುದ್ಧ ಧಾರವಾಡಿ ಎಮ್ಮೆ. 2021ರಲ್ಲಿ ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಳಿಯೆಂದು ನೋಂದಣಿಯಾಯಿತಲ್ಲ, ನಮ್ಮ ಆ ಎಮ್ಮೆಯೇ. ಬಲಗೈ ಇಲ್ಲದ ಪಶುವೈದ್ಯ ಗರ್ಭ ಪರೀಕ್ಷೆಯನ್ನೂ ಮಾಡಲಾರ, ಕೃತಕ ಗರ್ಭಧಾರಣೆಯನ್ನೂ ಮಾಡಲಾರ. ಹೀಗಾಗಿ ನನ್ನ ಸರಹದ್ದಿನ ಹಳ್ಳಿಗಳ ಜನ ಮೂರು ತಿಂಗಳು ಪರದಾಡಿದರು. ಒಂದು ಡೈನಮೋ ರಿಪೇರಿಯ ಖರ್ಚು ಉಳಿಸಿದ್ದರಿಂದ ಎಷ್ಟು ಮನೆಗಳಿಗೆ ನಷ್ಟವಾಯಿತೆಂದು ನೀವೇ ಲೆಕ್ಕ ಹಾಕಿ. ಕೈ ವಾಸಿಯಾದ ಮೇಲೆ ನಾನೇ ಅವರ ಮನೆಗೆ ಹೋಗಿ, ಇಬ್ಬರೂ ಕೂಡಿ ಆ ಟ್ರ್ಯಾಕ್ಟರಿಗೆ ಆಲ್ಟರ್ನೇಟರ್ ಜೋಡಿಸಿದೆವು. ಅಂದಿನಿಂದ ಹೋದಲ್ಲೆಲ್ಲ ಇದನ್ನು ಕೇಳುತ್ತಾರೆ, ಹೇಳುತ್ತ ಬಂದಿದ್ದೇನೆ.

ಈಗ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಐಷರ್ ಕಂಪನಿ 1959ರಲ್ಲಿ ಟ್ರ್ಯಾಕ್ಟರ್ ತಯಾರಿಕೆ ಪ್ರಾರಂಭಿಸಿತು. ಮ್ಯಾಸಿ ಫರ್ಗುಸನ್ ತಯಾರಿಸುವ ಟಾಫೆ 1960ರಲ್ಲಿ, ಮಹೀಂದ್ರದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ 1963ರಲ್ಲಿ ಹುಟ್ಟಿದವು. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿದರೂ ಅದರ ಗಾಡಿಗಳು ನಮ್ಮ ಹೊಲಗಳಲ್ಲಿ ಇನ್ನೂ ಓಡುತ್ತಿವೆ. ಎಂಜಿನ್ನು ಗಟ್ಟಿ, ಸಾಲ ತೀರಿದೆ, ಹಾಗಾಗಿ ಮಾರುವ ಮನಸ್ಸು ಯಾರಿಗೂ ಇಲ್ಲ. ಇದು ಸರಿಯಾದ ಲೆಕ್ಕವೇ. ಮೇವು ತರಲು, ಕ್ಯಾನು ಒಯ್ಯಲು, ಮೇವು ಕತ್ತರಿಸುವ ಯಂತ್ರ ತಿರುಗಿಸಲು ಹಳೆಯ ಗಾಡಿ ಸಾಕು. ಆದರೆ ಇಂಥ ಎಷ್ಟೋ ಗಾಡಿಗಳಲ್ಲಿ ಇಂದಿಗೂ ಇರುವುದು ಡೈನಮೋ.

ಡೈನಮೋಗೂ ಆಲ್ಟರ್ನೇಟರಿಗೂ ವ್ಯತ್ಯಾಸವೇನು? ಅಯಸ್ಕಾಂತದ ಎದುರು ತಂತಿಸುರುಳಿ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ. ಎರಡೂ ಅದೇ ತತ್ವದ ಮೇಲೆ ನಡೆಯುತ್ತವೆ. ಡೈನಮೋದಲ್ಲಿ ವಿದ್ಯುತ್ ಕೊಡುವ ಸುರುಳಿಯೇ ತಿರುಗುತ್ತದೆ. ಹುಟ್ಟಿದ ಅಷ್ಟೂ ಕರೆಂಟು ಕಾರ್ಬನ್ ಬ್ರಶ್ಶುಗಳ ಮೂಲಕ ಹೊರಬರಬೇಕು. ಅದಕ್ಕೇ ಬ್ರಶ್ಶು ಸವೆಯುತ್ತದೆ, ಕಿಡಿ ಹಾರುತ್ತದೆ. ಆಲ್ಟರ್ನೇಟರಿನಲ್ಲಿ ಇದು ತಿರುವುಮುರುವು. ಕರೆಂಟು ಕೊಡುವ ಸುರುಳಿ ಹೊರಗೆ ಸ್ಥಿರವಾಗಿ ಕುಳಿತಿರುತ್ತದೆ, ಒಳಗಿನ ಅಯಸ್ಕಾಂತ ತಿರುಗುತ್ತದೆ. ಬ್ರಶ್ಶಿನ ಮೂಲಕ ಹೋಗುವುದು ಎರಡು ಮೂರು ಆಂಪಿಯರ್ ಮಾತ್ರ. ಹುಟ್ಟಿದ ಕರೆಂಟನ್ನು ಒಳಗಿರುವ ಡಯೋಡುಗಳು ಬ್ಯಾಟರಿಗೆ ಒಗ್ಗುವಂತೆ ಒಂದೇ ದಿಕ್ಕಿಗೆ ತಿರುಗಿಸಿ ಕಳಿಸುತ್ತವೆ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರಲ್ಲಿ ತನ್ನ ವ್ಯಾಲಿಯಂಟ್ ಕಾರಿಗೆ ಇದನ್ನು ಹಾಕಿತು. ಆ ನಂತರ ಡೈನಮೋ ನಿಧಾನವಾಗಿ ಹಿಂದೆ ಸರಿಯಿತು.

ನಮಗೆ ಮುಖ್ಯವಾದದ್ದು ಬೇರೆ. ಎಂಜಿನ್ನು ಮೆಲ್ಲಗೆ ತಿರುಗುವಾಗ ಡೈನಮೋ ಏನನ್ನೂ ಕೊಡುವುದಿಲ್ಲ. ಹೊಲ ಉಳುವಾಗ ಚಾರ್ಜು ಆಗುತ್ತದೆ, ಸರಿ. ಆದರೆ ಬೆಳಗಿನ ಐದು ಗಂಟೆಗೆ ಹದಗೆಟ್ಟ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಕ್ಯಾನು ತರುವಾಗ, ಸಂಘದ ಮುಂದೆ ಪಾಳಿಯಲ್ಲಿ ಎಂಜಿನ್ನು ಚಾಲೂ ಇಟ್ಟು ನಿಂತಾಗ, ಲೈಟು ಉರಿಯುವುದೆಲ್ಲ ಬ್ಯಾಟರಿಯ ಬಂಡವಾಳದಿಂದ. ಈದ ಹೊಸತರಲ್ಲಿ ಹೆಚ್ಚು ಹಾಲು ಕರೆಯುವ ಆಕಳಿಗೆ ಹಿಂಡಿ ಸಾಲದಿದ್ದರೆ ಏನಾಗುತ್ತದೆ? ಹಾಲು ಬರುತ್ತದೆ, ಆದರೆ ಮೈಯ ಕೊಬ್ಬು ಕರಗಿಸಿ ಬರುತ್ತದೆ. ಒಂದು ದಿನ ಆಕಳು ಮಲಗುತ್ತದೆ. ಬ್ಯಾಟರಿಯದ್ದೂ ಇದೇ ಕಥೆ.

ಲೆಕ್ಕ ನೋಡಿ. ಮುಂದಿನ ಎರಡು ದೀಪ, ಹಿಂದಿನ ಕೆಂಪು ದೀಪಗಳು, ಹಿಂದೆ ನೇಗಿಲಿನ ಮೇಲೆ ಬೀಳುವ ದೀಪ ಎಲ್ಲ ಸೇರಿ ಸುಮಾರು 150 ವ್ಯಾಟ್. 12 ವೋಲ್ಟಿನಲ್ಲಿ ಇದು 12-13 ಆಂಪಿಯರ್. ನಿಮ್ಮ ಬ್ಯಾಟರಿ 88 ಆಂಪಿಯರ್-ಅವರ್‌ನದು ಎಂದುಕೊಳ್ಳಿ. ಚಾರ್ಜು ಇಲ್ಲದೆ ಮೂರು ತಾಸು ಲೈಟು ಹಚ್ಚಿದರೆ ಅರ್ಧದ ಹತ್ತಿರ ಖಾಲಿ. ಸೆಲ್ಫ್ ಹೊಡೆದರೆ ಬ್ಯಾಟರಿ ಇಳಿಯುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಸೆಲ್ಫ್ 250 ಆಂಪಿಯರ್ ಎಳೆದರೂ ಐದು ಸೆಕೆಂಡು ಮಾತ್ರ ಎಳೆಯುತ್ತದೆ. ಆರೋಗ್ಯವಂತ ಆಲ್ಟರ್ನೇಟರ್ ಅದನ್ನು ಎರಡು ಮೂರು ನಿಮಿಷದಲ್ಲಿ ತುಂಬಿಕೊಡುತ್ತದೆ. ಬ್ಯಾಟರಿಯನ್ನು ಕೊಲ್ಲುವುದು ಸೆಲ್ಫ್ ಅಲ್ಲ, ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಡುವುದು.

ಹಾಗೆಂದು ನಾಳೆಯೇ ಹುಬ್ಬಳ್ಳಿಗೆ ಓಡಿ ಆಲ್ಟರ್ನೇಟರ್ ತರಬೇಡಿ. ನಿಮ್ಮ ಡೈನಮೋ ನಿಜವಾಗಿ ಹೋಗಿದೆಯೇ ಎಂದು ಮೊದಲು ಪರೀಕ್ಷಿಸಿ. ಬೆಲ್ಟು ಸಡಿಲವಿದ್ದರೂ, ಎರೆ ಮಣ್ಣು ಮೆತ್ತಿ ಜಾರುತ್ತಿದ್ದರೂ ಚಾರ್ಜು ಆಗುವುದಿಲ್ಲ. ಮೀಟರು ಒಂದು ಕೊಳ್ಳಿರಿ, ದೊಡ್ಡ ಖರ್ಚಲ್ಲ. ಎಂಜಿನ್ನು ಬಂದಾಗಿದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ನು ಏರಿಸಿದಾಗ ಅದು 13.5 ದಾಟದಿದ್ದರೆ ಚಾರ್ಜು ಇಲ್ಲ. ಆಗ ಡೈನಮೋದ 'ಡಿ' ಮತ್ತು 'ಎಫ್' ಎಂಬ ಎರಡೂ ವಾಯರು ಬಿಚ್ಚಿ, ಡೈನಮೋದ ಆ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಬಾಡಿಗೆ ಮೀಟರು ಹಿಡಿದು ಎಂಜಿನ್ನನ್ನು ಮೆಲ್ಲಗೆ ಏರಿಸಿ. ಮೀಟರು ಏರುತ್ತ 20ರ ಸಮೀಪ ಹೋದರೆ ಡೈನಮೋ ಚಲೋ ಇದೆ, ಕೆಟ್ಟದ್ದು ರೆಗ್ಯುಲೇಟರ್ ಡಬ್ಬಿ ಅಥವಾ ವಾಯರು. ಅದಕ್ಕಿಂತ ಹೆಚ್ಚು ಏರಿಸಬೇಡಿ, ಸುರುಳಿ ಸುಟ್ಟೀತು. ಈ ಪರೀಕ್ಷೆ ಮಾಡದೆ ಒಳ್ಳೆಯ ಡೈನಮೋವನ್ನು ಗುಜರಿಗೆ ಹಾಕಿದವರನ್ನು ನಾನು ಕಂಡಿದ್ದೇನೆ.

ಡೈನಮೋ ಹೋಗಿದೆ, ಬದಲಿಸುವುದೇ ಸರಿ ಎಂದಾದರೆ ಮೊಟ್ಟಮೊದಲ ಕೆಲಸ, ಬ್ಯಾಟರಿಯ ಯಾವ ತುದಿ ಟ್ರ್ಯಾಕ್ಟರಿನ ಬಾಡಿಗೆ ಹೋಗಿದೆ ಎಂದು ನೋಡುವುದು. ಫರ್ಗುಸನ್, ಫೋರ್ಡ್‌ಸನ್‌ನಂಥ ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಇರುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಆಲ್ಟರ್ನೇಟರಿಗೆ ಮೈನಸ್ ಬಾಡಿಗೆ ಇರಬೇಕು. ತಿರುವುಮುರುವಾಗಿ ಜೋಡಿಸಿದರೆ ಡಯೋಡುಗಳು ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ದುಡ್ಡು ಕೊಟ್ಟ ಅಂಗಡಿಯವನು ತಿರುಗಿ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕೆಂದು ಕೇಳುವುದೂ ನ್ಯಾಯವಲ್ಲ. ಪ್ಲಸ್ ಬಾಡಿಗೆ ಇದ್ದರೆ ಬ್ಯಾಟರಿಯನ್ನು ತಿರುಗಿಸಿ ಕೂಡ್ರಿಸಿ, ಮೈನಸ್ ಅನ್ನು ಬಾಡಿಗೆ ಕೊಡಬೇಕು. ಪ್ಲಸ್ ಗುಬ್ಬಿ ತುಸು ದಪ್ಪ, ಮೈನಸ್ ಗುಬ್ಬಿ ತುಸು ಸಣ್ಣ, ಆದ್ದರಿಂದ ಕ್ಲ್ಯಾಂಪುಗಳನ್ನೂ ಬದಲಿಸಬೇಕಾದೀತು. ಆಂಪಿಯರ್ ಮೀಟರಿನ ಎರಡು ವಾಯರುಗಳನ್ನು ಅದಲು ಬದಲು ಮಾಡಿ. ಹಳೆಯ ಮಾದರಿಯ ಸೆಲ್ಫ್ ಮೋಟಾರು ಹೇಗೆ ಕೊಟ್ಟರೂ ಒಂದೇ ದಿಕ್ಕಿಗೆ ತಿರುಗುತ್ತದೆ, ಅದರ ಚಿಂತೆ ಬೇಡ. ಬಲ್ಬಿಗೂ ಹಾರ್ನಿಗೂ ಭೇದವಿಲ್ಲ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿ ಬಿಚ್ಚಿ. ಬಾಡಿಗೆ ಹೋದ ವಾಯರನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಕೊನೆಗೆ ಜೋಡಿಸಬೇಕು. ಬಾಡಿಯ ವಾಯರು ಇದ್ದಾಗಲೇ ಪ್ಲಸ್ಸಿನ ನಟ್ಟಿಗೆ ಪಾನಾ ಹಚ್ಚಿ, ಆ ಪಾನಾ ಬಾಡಿಗೆ ತಾಗಿದರೆ ಪಾನಾ ಕೆಂಪಗೆ ಕಾಯುತ್ತದೆ. ಬ್ಯಾಟರಿಯಿಂದ ಬರುವ ಅನಿಲಕ್ಕೆ ಕಿಡಿ ತಗುಲಿ ಡಬ್ಬಿ ಸಿಡಿಯಲೂಬಹುದು. ಕೈಯ ಉಂಗುರ, ಕಡಗ ತೆಗೆದಿಡಿ.

ಆಲ್ಟರ್ನೇಟರ್ ಡೈನಮೋಗಿಂತ ಗಿಡ್ಡ. ಹಳೆಯ ಕ್ಲ್ಯಾಂಪು ಹೊಂದುವುದಿಲ್ಲ, ದಪ್ಪ ಪಟ್ಟಿಯಿಂದ ಹೊಸದು ಮಾಡಿಸಬೇಕು. ಮೂರು ಪುಲ್ಲಿಗಳೂ ಒಂದೇ ಗೆರೆಯಲ್ಲಿ ಇರಬೇಕು. ಎದುರು ಕುಳಿತು ಒಂದು ಉದ್ದ ಕೋಲು ಹಿಡಿದು ನೋಡಿದರೆ ಓರೆ ಇದ್ದುದು ಗೊತ್ತಾಗುತ್ತದೆ. ಬೆಲ್ಟಿನ ಅಗಲಕ್ಕೆ ಪುಲ್ಲಿಯ ಗಾಡಿ ಹೊಂದಬೇಕು. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ತಗ್ಗಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಬಹಳ ಬಿಗಿದರೆ ಬೇರಿಂಗು ಹಾಳು, ನೀರಿನ ಪಂಪಿನದೂ ಸಹ. ಕೊಳ್ಳುವಾಗ ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರನ್ನೇ ಕೇಳಿ. ಹಳೆಯ ಬಜಾರಿನಲ್ಲಿ ಹೊರಗೆ ರೆಗ್ಯುಲೇಟರ್ ಬೇಕಾದವೂ ಬರುತ್ತವೆ, ಅವು ತಲೆನೋವು. 35-36 ಆಂಪಿಯರಿನದು ನಮ್ಮ ಕೆಲಸಕ್ಕೆ ಧಾರಾಳವಾಯಿತು.

ಈಗ ವಾಯರಿಂಗ್. ಹೆದರುವಂಥದ್ದು ಏನಿಲ್ಲ, ಮುಖ್ಯ ವಾಯರು ಮೂರೇ. ಮೊದಲನೆಯದು 'ಬಿ ಪ್ಲಸ್' ಎಂದು ಬರೆದ ದಪ್ಪ ಗುಬ್ಬಿಯಿಂದ ಬ್ಯಾಟರಿಗೆ. ಇದಕ್ಕೆ ಡೈನಮೋದ ಹಳೆಯ ವಾಯರನ್ನೇ ಬಳಸುವ ಆಸೆ ಬೇಡ. ಅದು 22 ಆಂಪಿಯರಿಗೆ ಮಾಡಿದ್ದು, ವಯಸ್ಸೂ ಆಗಿದೆ. 6 ಚದರ ಮಿಲಿಮೀಟರಿನ ತಾಮ್ರದ ವಾಯರು ಹೊಸದಾಗಿ ಎಳೆಯಿರಿ. ಸೆಲ್ಫಿನ ಮೇಲೆ ಬ್ಯಾಟರಿಯ ದಪ್ಪ ಕೇಬಲ್ ಬಂದು ಸೇರುವ ಗುಬ್ಬಿಗೆ ಇದನ್ನು ಕಟ್ಟಿದರೆ ಸಾಕು, ಬ್ಯಾಟರಿಗೇ ಕಟ್ಟಿದಂತೆ. ಆ ತುದಿಯ ಹತ್ತಿರ 50 ಅಥವಾ 60 ಆಂಪಿಯರಿನ ಫ್ಯೂಜ್ ಇರಲೇಬೇಕು. ಈ ವಾಯರು ಸದಾ ಜೀವಂತ, ಎಲ್ಲಿಯಾದರೂ ಬಾಡಿಗೆ ಉಜ್ಜಿದರೆ ಬೆಂಕಿ. ಕಣಕಿ, ಹೊಟ್ಟು ಹೇರಿದ ಗಾಡಿಯಲ್ಲಿ ಬೆಂಕಿ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಎಂಜಿನ್ನಿನ ಬಿಸಿ ಭಾಗ ತಪ್ಪಿಸಿ, ರಬ್ಬರು ಕೊಳವೆಯೊಳಗೆ ಹಾಯಿಸಿ, ಅಲ್ಲಲ್ಲಿ ಕಟ್ಟಿರಿ.

ಎರಡನೆಯದು ಸಣ್ಣ ವಾಯರು. ಆಲ್ಟರ್ನೇಟರಿನ ಮೇಲೆ 'ಡಿ ಪ್ಲಸ್' ಅಥವಾ 'ಎಲ್' ಎಂದು ಬರೆದಿರುತ್ತದೆ. ಚಾವಿಯ ಸ್ವಿಚ್ಚಿನಿಂದ ಒಂದು ಸಣ್ಣ ಎಚ್ಚರಿಕೆ ಬಲ್ಬಿಗೆ, ಬಲ್ಬಿನಿಂದ ಈ ಗುಬ್ಬಿಗೆ ಬರಬೇಕು. ಬಲ್ಬು 12 ವೋಲ್ಟಿನ 2-3 ವ್ಯಾಟಿನದು. ಇದು ಅಲಂಕಾರಕ್ಕೆ ಇರುವ ಬಲ್ಬಲ್ಲ. ಆಲ್ಟರ್ನೇಟರಿನ ಒಳಗಿನ ಅಯಸ್ಕಾಂತಕ್ಕೆ ಮೊದಲ ಜೀವ ಬರುವುದು ಈ ಬಲ್ಬಿನ ಮೂಲಕ ಹಾಯುವ ಕರೆಂಟಿನಿಂದ. ಬಲ್ಬು ಸುಟ್ಟರೆ ಆಲ್ಟರ್ನೇಟರ್ ಮಲಗಿಯೇ ಇರುತ್ತದೆ, ಇಲ್ಲವೇ ಎಂಜಿನ್ನು ಬಹಳ ಏರಿಸಿದ ಮೇಲೆ ಏಳುತ್ತದೆ. ಸಣ್ಣ ಎಲ್‌ಇಡಿ ಹಾಕಿದರೂ ಇದೇ ತೊಂದರೆ, ಅದು ಸಾಕಷ್ಟು ಕರೆಂಟು ಬಿಡುವುದಿಲ್ಲ. ಮತ್ತೊಂದು ತಪ್ಪೆಂದರೆ ಈ ವಾಯರನ್ನು ಚಾವಿಗೆ ಕೊಡದೆ ನೇರ ಬ್ಯಾಟರಿಗೆ ಕೊಡುವುದು. ರಾತ್ರಿಯೆಲ್ಲ ಕರೆಂಟು ಸೋರಿ ಬೆಳಿಗ್ಗೆ ಬ್ಯಾಟರಿ ಸೊರಗಿರುತ್ತದೆ.

ಮೂರನೆಯದು ಬಾಡಿಯ ವಾಯರು. ಆಲ್ಟರ್ನೇಟರ್ ಕಬ್ಬಿಣಕ್ಕೆ ಬೋಲ್ಟಾಗಿದೆಯಲ್ಲ, ಬೇರೆ ವಾಯರು ಯಾಕೆ ಎನ್ನುತ್ತಾರೆ. ಹೊಸ ಕ್ಲ್ಯಾಂಪಿಗೆ ಬಳಿದ ಬಣ್ಣ, ತುಕ್ಕು, ಮಣ್ಣು ಇವು ಕರೆಂಟಿಗೆ ಅಡ್ಡ. ಆಲ್ಟರ್ನೇಟರಿನ ಮೈಯಿಂದ ಎಂಜಿನ್ನಿಗೆ ಒಂದು ದಪ್ಪ ವಾಯರು ಕೊಡಿ. ಕೂಡುವ ಜಾಗದ ಬಣ್ಣ ಕೆರೆದು ಬಿಗಿಯಿರಿ. 'ಡಬ್ಲ್ಯೂ' ಎಂಬ ಗುಬ್ಬಿ ಇದ್ದರೆ ಅದನ್ನು ಹಾಗೆಯೇ ಬಿಡಿ, ಅದು ಎಂಜಿನ್ನಿನ ವೇಗ ತೋರಿಸುವ ಮೀಟರಿಗೆ.

ಹಳೆಯ ರೆಗ್ಯುಲೇಟರ್ ಡಬ್ಬಿಯನ್ನು ಪೂರ್ತಿ ತೆಗೆಯಬೇಕು. ಅದು ಡೈನಮೋದ ಜೊತೆಗಾರ, ಆಲ್ಟರ್ನೇಟರಿನ ಸಾಲಿನಲ್ಲಿ ಅದಕ್ಕೆ ಕೆಲಸವಿಲ್ಲ. ತೆಗೆಯುವ ಮೊದಲು ಯಾವ ವಾಯರು ಯಾವ ಗುಬ್ಬಿಯಲ್ಲಿತ್ತು ಎಂದು ಚೀಟಿ ಅಂಟಿಸಿ. ಬಣ್ಣವನ್ನು ನಂಬಬೇಡಿ, ನಲವತ್ತು ವರ್ಷದಲ್ಲಿ ಎಷ್ಟು ಮಿಸ್ತ್ರಿಗಳು ಎಷ್ಟು ಬಣ್ಣ ಹಾಕಿದ್ದಾರೋ. 'ಡಿ' ಮತ್ತು 'ಎಫ್' ವಾಯರುಗಳು ಇನ್ನು ಬೇಡ, ತುದಿಗೆ ಟೇಪು ಸುತ್ತಿಡಿ. 'ಎ' ಗುಬ್ಬಿಯಲ್ಲಿ ಬ್ಯಾಟರಿಯ ಕಡೆಯಿಂದ ಬಂದ ವಾಯರು, 'ಎ-1' ಗುಬ್ಬಿಯಲ್ಲಿ ಲೈಟು, ಹಾರ್ನಿಗೆ ಹೋಗುವ ವಾಯರು ಇರುತ್ತವೆ. ಅವೆರಡನ್ನೂ ಒಂದು ಬೋಲ್ಟಿನಿಂದ ಬಿಗಿಯಾಗಿ ಕೂಡಿಸಿ ಮೇಲೆ ಟೇಪು ಸುತ್ತಬೇಕು. ಇದನ್ನು ಮರೆತರೆ ಚಾರ್ಜು ಆಗುತ್ತದೆ, ಲೈಟು ಹತ್ತುವುದಿಲ್ಲ. ನಾವೂ ಅಂದು ಇದನ್ನೇ ಮರೆತು ಒಂದು ತಾಸು ಬಲ್ಬು ಬದಲಿಸುತ್ತ ಕುಳಿತಿದ್ದೆವು.

ಆಂಪಿಯರ್ ಮೀಟರಿನ ಬಗ್ಗೆ ಒಂದು ಮಾತು. ನಾನು ಹೇಳಿದಂತೆ 'ಬಿ ಪ್ಲಸ್' ವಾಯರನ್ನು ನೇರ ಸೆಲ್ಫಿನ ಗುಬ್ಬಿಗೆ ಕೊಟ್ಟರೆ, ಹಳೆಯ ಆಂಪಿಯರ್ ಮೀಟರು ಖರ್ಚನ್ನಷ್ಟೇ ತೋರಿಸುತ್ತದೆ, ಜಮೆ ತೋರಿಸುವುದಿಲ್ಲ. ಗಾಬರಿಯಾಗಬೇಡಿ. ಆಂಪಿಯರ್ ಮೀಟರಿನ ಮೂಲಕವೇ ಹಾಯಿಸಬಹುದು ನಿಜ, ಆದರೆ 30 ಆಂಪಿಯರಿನ ಹಳೆಯ ಮೀಟರಿಗೆ 36 ಆಂಪಿಯರಿನ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಸಣ್ಣ ವೋಲ್ಟ್ ಮೀಟರು ಹಾಕಿಕೊಳ್ಳಿ.

ಎಲ್ಲ ಮುಗಿದ ಮೇಲೆ ಬ್ಯಾಟರಿ ಜೋಡಿಸಿ ಚಾವಿ ತಿರುಗಿಸಿ. ಎಚ್ಚರಿಕೆ ಬಲ್ಬು ಹತ್ತಬೇಕು. ಎಂಜಿನ್ನು ಚಾಲೂ ಆಗಿ ತುಸು ಏರಿದೊಡನೆ ಆರಬೇಕು. ಬ್ಯಾಟರಿಗೆ ಮೀಟರು ಹಿಡಿದರೆ 13.8ರಿಂದ 14.4ರ ನಡುವೆ ಇರಬೇಕು. ಎಲ್ಲ ಲೈಟು ಹಚ್ಚಿದಾಗಲೂ 13ಕ್ಕಿಂತ ಬಹಳ ಕೆಳಗೆ ಬರಬಾರದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿದು ಹೋಗುತ್ತದೆ.

ಇಲ್ಲೊಂದು ಹಳೆಯ ಅಭ್ಯಾಸ ಬಿಡಬೇಕು. ಡೈನಮೋ ಕಾಲದಲ್ಲಿ ಚಾರ್ಜು ಇದೆಯೋ ಇಲ್ಲವೋ ನೋಡಲು ಎಂಜಿನ್ನು ಓಡುವಾಗಲೇ ಬ್ಯಾಟರಿಯ ವಾಯರು ಕಿತ್ತು ನೋಡುತ್ತಿದ್ದರು. ಆಲ್ಟರ್ನೇಟರಿಗೆ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡು, ರೆಗ್ಯುಲೇಟರ್ ಎರಡೂ ಹೋಗುತ್ತವೆ. ಹಾಗೆಯೇ ಟ್ರ್ಯಾಕ್ಟರಿಗೆ ಅಥವಾ ಕೂಡಿಸಿದ ಟ್ರೇಲರಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಆಲ್ಟರ್ನೇಟರಿನ ವಾಯರನ್ನೂ ಬಿಚ್ಚಿಡಬೇಕು.

ಟ್ರ್ಯಾಕ್ಟರಿನ ಲೈಟು ಹತ್ತಿದರೆ ಕೆಲಸ ಅರ್ಧವಾಯಿತು. ನನ್ನ ಕೈ ಮುರಿದದ್ದು ಟ್ರ್ಯಾಕ್ಟರಿಗೆ ಬಡಿದಲ್ಲ, ಟ್ರೇಲರಿಗೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವಿದೆ, ಟ್ರ್ಯಾಕ್ಟರಿಗೆ ಕೂಡಿಸುವ ಪ್ಲಗ್ಗು ಇಲ್ಲ. ಪ್ಲಗ್ಗು ಇದ್ದರೂ ಬಾಡಿಯ ಕರೆಂಟು ಕೊಂಡಿಯ ಪಿನ್ನಿನ ಮೂಲಕ ಬರಲಿ ಎಂದು ಬಿಟ್ಟಿರುತ್ತಾರೆ. ಆ ಪಿನ್ನು ಗ್ರೀಸಿನಲ್ಲಿ ಮುಳುಗಿರುತ್ತದೆ, ಅಲ್ಲಾಡುತ್ತದೆ, ದೀಪ ಮಿಣಮಿಣ ಎನ್ನುತ್ತದೆ. ಪ್ಲಗ್ಗಿನಲ್ಲೇ ಬಾಡಿಗೆಂದು ಬೇರೆ ವಾಯರು ಕೊಡಿ. ಹಿಂದೆ ಎರಡು ಕೆಂಪು ರಿಫ್ಲೆಕ್ಟರು ಬಡಿಯಿರಿ, ಅದಕ್ಕೆ ಬ್ಯಾಟರಿಯೇ ಬೇಡ. 1989ರ ಮೋಟಾರು ವಾಹನ ನಿಯಮಗಳು ದೀಪ, ರಿಫ್ಲೆಕ್ಟರು ಕಡ್ಡಾಯ ಮಾಡಿವೆ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳ ಕಡೆಯ ರಸ್ತೆಯಲ್ಲಿ ರಾತ್ರಿ ಓಡಾಡಿದವರಿಗೆ ಇದರ ಬೆಲೆ ಗೊತ್ತು.

ಇನ್ನು ನನ್ನ ಸ್ವಂತ ಶಾಸ್ತ್ರಕ್ಕೆ ಬರುತ್ತೇನೆ. ಈ ಕೆಲಸವನ್ನು ಬಹುತೇಕ ಎಲ್ಲರೂ ಮಾಡುವುದು ಹಿತ್ತಲಿನಲ್ಲಿ, ಅಂದರೆ ಗೋದಲಿಯ ಪಕ್ಕದಲ್ಲಿ. ವಾಯರು ಕತ್ತರಿಸಿದ ತುಂಡು, ಹಳೆಯ ಮೊಳೆ, ವಾಷರು ನೆಲಕ್ಕೆ ಬೀಳುತ್ತವೆ, ಅಲ್ಲಿಂದ ಮೇವಿಗೆ ಸೇರುತ್ತವೆ. ದನ ನಮ್ಮಂತೆ ಅಗಿದು ನೋಡಿ ನುಂಗುವುದಿಲ್ಲ. ತಂತಿಯ ತುಂಡು ಹೊಟ್ಟೆಯ ಎರಡನೇ ಕೋಣೆಯಲ್ಲಿ ಕೂಡುತ್ತದೆ. ಅಲ್ಲಿಂದ ಹೃದಯ ನಾಲ್ಕು ಬೆರಳು ದೂರವಷ್ಟೇ. ಗಬ್ಬವಾದ ದನದಲ್ಲಿ ಗರ್ಭದ ಒತ್ತಡಕ್ಕೆ ತಂತಿ ಮುಂದೆ ಚುಚ್ಚಿಕೊಂಡು ಹೋಗುತ್ತದೆ. ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಬೆನ್ನು ಬಾಗಿಸಿ ನಿಲ್ಲುವುದು, ಮುಂಗಾಲಿನ ಮೊಣಕೈ ಹೊರಗೆ ಚಾಚುವುದು, ಇಳಿಜಾರು ಇಳಿಯಲು ಹಿಂಜರಿದು ನರಳುವುದು, ಕೊನೆಗೆ ಎದೆಯ ಕೆಳಗೆ ಬಾವು. ಬಾವು ಬಂದ ಮೇಲೆ ಕರೆದರೆ ನಾವು ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಹೊಟ್ಟೆಗೆ ಅಯಸ್ಕಾಂತ ನುಂಗಿಸುವ ಪದ್ಧತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಕಬ್ಬಿಣದ ಮೊಳೆ, ಟೈರಿನ ತಂತಿ ಹಿಡಿಯುತ್ತದೆ. ತಾಮ್ರವನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಆದ್ದರಿಂದ ಕೆಳಗೆ ಒಂದು ತಾಡಪತ್ರಿ ಹಾಸಿ ಕೆಲಸ ಮಾಡಿ, ಮುಗಿದ ಮೇಲೆ ಅದನ್ನು ಹಾಗೇ ಝಾಡಿಸದೆ ಡಬ್ಬಿಗೆ ಸುರಿಯಿರಿ.

ಇದಕ್ಕಿಂತ ದೊಡ್ಡ ಗಂಡಾಂತರ ಹಳೆಯ ಬ್ಯಾಟರಿ. ಅದರೊಳಗಿನ ಹಲಗೆಗಳು ಸೀಸದವು. ಒಡೆದ ಬ್ಯಾಟರಿಯನ್ನು ಕೊಟ್ಟಿಗೆಯ ಮೂಲೆಗೆ ಎಸೆದರೆ ಕರುಗಳು ನೆಕ್ಕುತ್ತವೆ, ಏನನ್ನಾದರೂ ನೆಕ್ಕುವುದು ಅವುಗಳ ಸ್ವಭಾವ. ರಂಜಕದ ಕೊರತೆಯಿದ್ದ ದೊಡ್ಡ ದನಗಳೂ ನೆಕ್ಕುತ್ತವೆ. ಸೀಸದ ವಿಷವೇರಿದ ಕರು ಕುರುಡಾಗುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಮೈ ನಡುಗಿ ಒದ್ದಾಡುತ್ತದೆ. ಕೆಲವು ಒಂದೇ ದಿನದಲ್ಲಿ ಸಾಯುತ್ತವೆ. ನೋಡಿದವರು ಹುಚ್ಚುನಾಯಿ ಕಚ್ಚಿದೆ ಎನ್ನುತ್ತಾರೆ, ಲಕ್ಷಣಗಳು ಅಷ್ಟು ಹತ್ತಿರ. ಎರಡರಲ್ಲಿ ಯಾವುದೆಂದು ವೈದ್ಯರು ಹೇಳುವವರೆಗೆ ಅಂಥ ದನದ ಬಾಯಿಗೆ ಕೈ ಹಾಕಬೇಡಿ, ಔಷಧ ಕುಡಿಸಲೂ ಹೋಗಬೇಡಿ. ಬೇಗ ತಿಳಿಸಿದರೆ ಸೀಸವನ್ನು ಹಿಡಿದು ಹೊರಹಾಕುವ ಚುಚ್ಚುಮದ್ದು ಇದೆ, ಜೊತೆಗೆ ಬಿ-1 ಜೀವಸತ್ವವನ್ನೂ ಕೊಡುತ್ತೇವೆ. ವೈದ್ಯರು ಬಂದಾಗ "ಇಲ್ಲಿ ಒಂದು ಹಳೆ ಬ್ಯಾಟರಿ ಬಿದ್ದಿತ್ರಿ" ಎಂದು ಮುಚ್ಚಿಡದೆ ಹೇಳಿ, ಆ ಒಂದು ಮಾತಿನಿಂದ ಅರ್ಧ ದಿನ ಉಳಿಯುತ್ತದೆ. ಸೀಸ ಹಾಲಿನಲ್ಲಿಯೂ ಇಳಿಯುತ್ತದೆ. ಅಂಥ ಆಕಳ ಹಾಲನ್ನು ವೈದ್ಯರು ಒಪ್ಪುವವರೆಗೆ ಸಂಘಕ್ಕೂ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು, ಕರುವಿಗೂ ಕುಡಿಸಬಾರದು. ನುಂಗಿದ ಸೀಸದ ಚೂರು ಹೊಟ್ಟೆಯಲ್ಲಿ ಕುಳಿತು ತಿಂಗಳುಗಟ್ಟಲೆ ಕರಗುತ್ತಿರುತ್ತದೆ.

ಹಳೆಯ ಬ್ಯಾಟರಿಯನ್ನು ಹೊಸದು ಕೊಡುವ ಅಂಗಡಿಗೇ ಕೊಡಿ, ಅವರು ಬೆಲೆಯಲ್ಲಿ ಕಳೆದುಕೊಳ್ಳುತ್ತಾರೆ. ಹಳೆಯದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆಗೆ 2001ರಲ್ಲೇ ಕೇಂದ್ರದ ನಿಯಮ ಬಂದಿತ್ತು, 2022ರಲ್ಲಿ ಅದರ ಬದಲು ಹೊಸ ನಿಯಮ ಬಂದಿದೆ. ಆಸಿಡ್ಡನ್ನು ಹಿತ್ತಲಿಗೆ ಸುರಿದು ಡಬ್ಬಿಯನ್ನು ನೀರು ಕುಡಿಸಲು ಬಳಸುವವರು ಇದ್ದಾರೆ. ಕೈಮುಗಿದು ಕೇಳುತ್ತೇನೆ, ಅದನ್ನು ಬಿಡಿ.

ಭಾಷಣ ಮುಗಿದ ಮೇಲೆ ಕುಂದಗೋಳ ಕಡೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆಯನ್ನೂ ಸಂಪಾದಕರ ಅಪೇಕ್ಷೆಯಂತೆ ಇಲ್ಲಿ ಸೇರಿಸುತ್ತೇನೆ. "ಕರೆಂಟ್ ಹೋದಾಗ ಟ್ರ್ಯಾಕ್ಟರ್ ಬ್ಯಾಟರಿಯಿಂದ ದನದ ಮನಿಗೆ ದೀಪ ಹಚ್ಚಬಹುದೇನ್ರಿ? ಹಾಲು ಹಿಂಡೂ ಮಷೀನ್ ನಡೀತದೇನ್ರಿ?" ಎಂದು ಕೇಳಿದರು. ದೀಪ ಹಚ್ಚಬಹುದು. 12 ವೋಲ್ಟಿನ 5 ವ್ಯಾಟ್ ಎಲ್‌ಇಡಿ ಬಲ್ಬು ಅರ್ಧ ಆಂಪಿಯರನ್ನೂ ತೆಗೆದುಕೊಳ್ಳುವುದಿಲ್ಲ. ಅಂಥ ಎರಡು ಬಲ್ಬು ಮೂರು ತಾಸು ಉರಿದರೂ ಮರುದಿನ ಬೆಳಿಗ್ಗೆ ಸಂಘಕ್ಕೆ ಹೋಗಿ ಬರುವಷ್ಟರಲ್ಲಿ ಆಲ್ಟರ್ನೇಟರ್ ತುಂಬಿಕೊಡುತ್ತದೆ. ವಾಯರಿಗೆ 5 ಆಂಪಿಯರಿನ ಫ್ಯೂಜ್ ಇರಲಿ, ದನದ ಬಾಯಿಗೆ ಎಟುಕದ ಎತ್ತರದಲ್ಲಿ ಹಾಯಿಸಿ. ಹಾಲು ಹಿಂಡುವ ಯಂತ್ರಕ್ಕೆ ಮಾತ್ರ ಇದು ಸಾಲದು. ಒಂದು ಅಶ್ವಶಕ್ತಿಯ ಮೋಟಾರು ಎಂದರೆ 746 ವ್ಯಾಟ್, ಇನ್ವರ್ಟರಿನ ನಷ್ಟ ಸೇರಿಸಿ 12 ವೋಲ್ಟಿನಲ್ಲಿ 70 ಆಂಪಿಯರಿನ ಮೇಲೆ ಬೇಕು, ನಿಮ್ಮ ಆಲ್ಟರ್ನೇಟರಿನ ಎರಡು ಪಟ್ಟು. ಅದಕ್ಕೆ ಟ್ರ್ಯಾಕ್ಟರಿನ ಪಿ.ಟಿ.ಓ.ದಿಂದ ತಿರುಗುವ ಪಂಪು ಬೇರೆಯೇ ಬರುತ್ತದೆ. ಇಲ್ಲದಿದ್ದರೆ ಆ ಹೊತ್ತಿಗೆ ಕೈಯಿಂದಲೇ ಹಿಂಡಿ. ಯಂತ್ರದ ರೂಢಿಯಾದ ಎಮ್ಮೆ ಮೊದಲ ದಿನ ತುಸು ಒದ್ದೀತು, ಎರಡನೇ ದಿನಕ್ಕೆ ಒಪ್ಪಿಕೊಳ್ಳುತ್ತದೆ.